ಟ್ಯಾಂಕರ್ ನೀರು ಕುಡಿದ ಸಂಪಿಗೆ

ಸಂಪಿಗೆ ಅಂದ ಕೂಡಲೇ ಬೆಂಗಳೂರಿನವರಿಗೆ ಮಲ್ಲೇಶ್ವರದ ಸಂಪಿಗೆ ರಸ್ತೆ ನೆನಪಾಗುತ್ತೆ. ಕಾಡು ಸುತ್ತುವವರಿಗೆ ಬಿಳಿಗಿರಿರಂಗನ ಬೆಟ್ಟದ ದೊಡ್ಡ ಸಂಪಿಗೆ, ಸೋಲಿಗರು ಪೂಜಿಸುವ ಆ ಹಳೇ ಮರ, ನೆನಪಾಗುತ್ತೆ. ನಮ್ಮ ಜಡಿಗೇನಹಳ್ಳಿ ಯಾರಿಗೂ ನೆನಪಾಗಲ್ಲ. ಅದರಲ್ಲಿ ತಪ್ಪೇನಿಲ್ಲ. ಸಂಪಿಗೆ ನಿತ್ಯಹರಿದ್ವರ್ಣ ಕಾಡಿನ ಮರ. ನಮ್ಮದು ಹೊಸಕೋಟೆ ತಾಲ್ಲೂಕಿನ ಕೆಂಪು ಮಣ್ಣು, ರಾಗಿ, ಹುರುಳಿ. ಮಳೆ ಬಂದರೆ ಬಂತು, ಇಲ್ಲದಿದ್ರೆ ಬೋರ್‌ವೆಲ್. ಸುತ್ತ ನೀಲಗಿರಿ ತೋಪುಗಳು. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡಬಾರದು ಅಂತ ನಿಷೇಧ ತಂದಿತು. ಅಷ್ಟೊತ್ತಿಗಾಗಲೇ ನಮ್ಮ ಕಡೆ ಅಂತರ್ಜಲ ಪಾತಾಳ ಸೇರಿತ್ತು.

ಇಂಥ ಜಾಗದಲ್ಲಿ ನಾವು ಅಣ್ಣ-ತಂಗಿ ಸಂಪಿಗೆ ನೆಡೋಕೆ ಹೊರಟಿದ್ದು ಅಜ್ಜಿಗೋಸ್ಕರ. ಅವರ ತವರಿನ ಹಿತ್ತಲಲ್ಲಿ ಒಂದು ಕೆಂಡಸಂಪಿಗೆ ಮರ ಇತ್ತಂತೆ. ಪರಿಚಯದವರ ಮನೆಯಿಂದ ನಾವು ಬೀಜ ತಂದಾಗ ಅಜ್ಜಿ ನಕ್ಕುಬಿಟ್ಟರು. "ಬೀಜದ್ದು ಹೂ ಬಿಡೋ ಹೊತ್ಗೆ ನಾನೆಲ್ಲಿರ್ತೀನಿ ಕಣ್ರೋ?" ಲೆಕ್ಕ ಸರಿಯಾಗೇ ಇತ್ತು. ಬೀಜದಿಂದ ಬಂದ ಸಂಪಿಗೆ ಹೂ ಬಿಡೋಕೆ ಏಳೆಂಟು ವರ್ಷವಾದರೂ ಬೇಕು. ಕಸಿ ಗಿಡಕ್ಕೆ ಎರಡು-ಮೂರು ವರ್ಷ ಸಾಕು. ಹಾಗಾಗಿ 2022ರ ಜೂನ್‌ನಲ್ಲಿ ಅಜ್ಜಿಗೆ ಅಂತ ಒಂದು ಕಸಿ ಗಿಡ ತಂದ್ವಿ. ಬೀಜಾನೂ ಬಿಡಲಿಲ್ಲ.

ಸಂಪಿಗೆ ಬೀಜಕ್ಕೆ ತಾಳ್ಮೆ ಕಡಿಮೆ. ಮೇಲಿನ ಕೆಂಪು ತಿರುಳು ಉಜ್ಜಿ ತೊಳೆದು, ತಾಜಾ ಇರುವಾಗಲೇ ನೆರಳಲ್ಲಿ ಬಿತ್ತಬೇಕು. ಒಣಗಿಸಿ ಡಬ್ಬಿಯಲ್ಲಿಟ್ಟರೆ ಕೆಲವೇ ವಾರದಲ್ಲಿ ಸತ್ತುಹೋಗುತ್ತೆ. ನಾವು ಬಿತ್ತಿದ ಇಪ್ಪತ್ತರಲ್ಲಿ ಮೊಳೆತದ್ದು ಮೂರು, ಉಳಿದದ್ದು ಒಂದು.

ಕಸಿ ಗಿಡಕ್ಕೆ ಎರಡಡಿ ಗುಂಡಿ ತೆಗೆದು ಕೊಟ್ಟಿಗೆ ಗೊಬ್ಬರ ಬೆರೆಸಿದ್ವಿ. ಕಸಿ ಕಟ್ಟಿದ ಗಂಟು ಮಣ್ಣಿನಿಂದ ಮೇಲೇ ಇರಬೇಕು. ಗಂಟಿನ ಕೆಳಗೆ ಚಿಗುರು ಬಂದರೆ ಚಿವುಟಬೇಕು, ಇಲ್ಲದಿದ್ರೆ ಬುಡದ ಗಿಡವೇ ಬೆಳೆದು ಕಸಿ ಕೊರಗುತ್ತೆ. ಪಾತಿಗೆ ರಾಗಿ ಹುಲ್ಲು ಹೊದಿಸಿದ್ವಿ. ಮೇಕೆಗಳಿಗೆ ಅಂತ ಸುತ್ತ ಮುಳ್ಳು.

ಎರಡನೇ ಬೇಸಿಗೆ ಅಂದರೆ 2024. ಬೆಂಗಳೂರಿನ ನೀರಿನ ಕಷ್ಟ ದೇಶಕ್ಕೆಲ್ಲಾ ಸುದ್ದಿಯಾದ ವರ್ಷ. ನಮ್ಮ ಮನೆಯ ಬೋರ್ ಮಾರ್ಚ್‌ನಲ್ಲೇ ಕೈಕೊಟ್ಟಿತು. ಟ್ಯಾಂಕರ್ ತರಿಸೋದು ಶುರುವಾಯ್ತು. ಚಿಕ್ಕಪ್ಪನ ಗುಲಾಬಿ ತೋಟವೇ ಬಾಡ್ತಿತ್ತು. "ಮನುಷ್ಯರಿಗೇ ನೀರಿಲ್ಲ, ನಿಮ್ಮ ಶೋಕಿ ಗಿಡಕ್ಕೆ ಎಲ್ಲಿಂದ ತರ್ಲಿ?" ಅಂದರು. ಅಜ್ಜಿನೂ, "ಬಿಡ್ರಪ್ಪ, ಹೋದ್ರೆ ಹೋಗ್ಲಿ" ಅಂದುಬಿಟ್ಟರು. ನಮಗೆ ಚುಚ್ಚಿದ್ದು ಈ ಮಾತು.

ಜಗಳ ಆಡಲಿಲ್ಲ, ಲೆಕ್ಕ ಹಾಕಿದ್ವಿ. ಮೂರು ದಿನಕ್ಕೊಮ್ಮೆ 10 ಲೀಟರ್. ಫೆಬ್ರವರಿಯಿಂದ ಮೇವರೆಗೆ 120 ದಿನ, ಅಂದರೆ 40 ಸಲ, ಒಟ್ಟು 400 ಲೀಟರ್. 5,000 ಲೀಟರಿನ ಒಂದು ಟ್ಯಾಂಕರ್‌ನ ಹತ್ತನೇ ಒಂದು ಭಾಗವೂ ಅಲ್ಲ, ಅದೂ ಇಡೀ ಬೇಸಿಗೆಗೆ! ಅಷ್ಟನ್ನೂ ಅಕ್ಕಿ, ತರಕಾರಿ ತೊಳೆದ ನೀರಲ್ಲೇ ಹೊಂದಿಸಬಹುದು. ಹಳೇ ಕ್ಯಾನಿನ ತಳಕ್ಕೆ ಸಣ್ಣ ತೂತು ಮಾಡಿ ಬತ್ತಿ ತುರುಕಿ ಬುಡದಲ್ಲಿಟ್ವಿ. ನೀರು ಹನಿಹನಿಯಾಗಿ ಬೇರಿಗೇ ಇಳೀತಿತ್ತು. ನಾವು ಪರೀಕ್ಷೆಗೆ ಅಂತ ಹಾಸ್ಟೆಲ್‌ನಲ್ಲಿದ್ದಾಗ ಆ ಕ್ಯಾನ್ ತುಂಬಿಸ್ತಿದ್ದವರು ಚಿಕ್ಕಪ್ಪ. ಈ ವಿಷಯ ಅವರು ಇವತ್ತಿಗೂ ಒಪ್ಪಿಕೊಂಡಿಲ್ಲ, ಅಜ್ಜಿ ಹೇಳಿದ್ದು.

ಮಳೆ ಬಂದ ಮೇಲೆ ಎಲೆಗಳಲ್ಲೆಲ್ಲಾ ತೂತು. ಚಿಕ್ಕಪ್ಪ ಔಷಧಿ ಹೊಡೆಯೋಕೆ ಪಂಪ್ ಎತ್ತಿಕೊಂಡು ಬಂದರು. ಎಲೆ ತಿರುಗಿಸಿ ನೋಡಿದ್ರೆ ಹಸಿರು ಹುಳುಗಳು, ಟೈಲ್ಡ್ ಜೇ ಅನ್ನೋ ಚಿಟ್ಟೆಯ ಮರಿಗಳು. ಆ ಚಿಟ್ಟೆಗೆ ಸಂಪಿಗೆ ಎಲೆ ತವರುಮನೆ ಇದ್ದಂಗೆ. ಹತ್ತು ಎಲೆ ಹೋದರೆ ಗಿಡ ಸಾಯಲ್ಲ ಅಂತ ಪಂಪ್ ವಾಪಸ್ ಕಳಿಸಿದ್ವಿ.

ದುಂಬಿ ಸಂಪಿಗೆಯ ಹತ್ತಿರ ಸುಳಿಯಲ್ಲ ಅಂತ ಕವಿಗಳು ಹೇಳಿಕೊಂಡು ಬಂದಿದ್ದಾರೆ. ಆದರೆ ಸಂಪಿಗೆ ಮ್ಯಾಗ್ನೋಲಿಯಾ ಕುಲದ್ದು, ಆ ಕುಲದ ಹೂಗಳಿಗೆ ಪರಾಗ ಹೊತ್ತು ತರೋದು ಹೆಚ್ಚಾಗಿ ಜೀರುಂಡೆಗಳು. ಬಯಾಲಜಿ ಬಿಟ್ಟು ಇಂಜಿನಿಯರಿಂಗ್ ಸೇರಿದ ನಮಗೆ ಇದು ಗೊತ್ತಾಗೋಕೆ ಒಂದು ಗಿಡ ನೆಡಬೇಕಾಯ್ತು.

2025ರ ಮೇನಲ್ಲಿ ಕಸಿ ಗಿಡ ಹನ್ನೊಂದು ಹೂ ಬಿಟ್ಟಿತು. ಅಜ್ಜಿ ಒಂದನ್ನ ದೇವರಿಗಿಟ್ಟು, ಒಂದನ್ನ ಮುಡಿದು, ಉಳಿದದ್ದನ್ನ ಬೀದಿಯವರಿಗೆಲ್ಲಾ ಹಂಚಿಸಿದರು. ತವರಿನ ಮರದ ಬಗ್ಗೆ ಅವತ್ತು ಒಂದು ಮಾತೂ ಆಡಲಿಲ್ಲ. ಒಣಗಿದ ಹೂವನ್ನ ಮಾತ್ರ ಸೀರೆ ಮಡಿಕೆಯೊಳಗೆ ಇಟ್ಟುಕೊಂಡರು.

ಬೀಜದ ಗಿಡ ಈಗ ನಮ್ಮ ಸೊಂಟದೆತ್ತರ, ಹೊಲದ ಬದುವಿನಲ್ಲಿದೆ. ಪಕ್ಕದ ಹೊಲಗಳು ಒಂದೊಂದೇ ಲೇಔಟ್ ಆಗ್ತಿವೆ. ಅದು ಹೂ ಬಿಡೋ ಹೊತ್ತಿಗೆ ನಾವು ಯಾವ ಊರಲ್ಲಿ ಯಾವ ಕೆಲಸದಲ್ಲಿ ಇರ್ತೀವೋ, ಆ ಬದು ಯಾರ ಹೆಸರಲ್ಲಿರುತ್ತೋ. ನೀರು ಹಾಕೋರ ಪಟ್ಟಿಗೆ ಚಿಕ್ಕಪ್ಪನ ಮಗನನ್ನ ಸೇರಿಸಿದ್ದೀವಿ. ಅವನು ಈಗ ನಾಲ್ಕನೇ ಕ್ಲಾಸು.