ಬಾಯಿಪಾಠದ ಪ್ರಾರ್ಥನೆಯಿಂದ ಏನು ಪ್ರಯೋಜನ?

"ಭಾನುವಾರ ಚರ್ಚಿಗೆ ಹೋಗಿ ಒಂದು ಗಂಟೆ ಎಂತ ಮಾಡ್ತೀರಿ ಮಾರಾಯ್ತಿ? ಪ್ರತಿವಾರ ಅದನ್ನೇ ಹೇಳ್ಲಿಕ್ಕೆ ಬೋರ್ ಆಗುದಿಲ್ವಾ?"

ಪತ್ರಿಕೋದ್ಯಮ ಓದುವಾಗ ಹಾಸ್ಟೆಲ್ ಗೆಳತಿಯರು ಹೀಗೆ ಕೇಳುತ್ತಿದ್ದರು. ನಾನು ವಿವರಿಸುತ್ತಿದ್ದೆ. ಪೂಜೆಯಲ್ಲಿ ಎರಡು ಮುಖ್ಯ ಭಾಗ. ಮೊದಲು ಬೈಬಲ್ ವಾಚನ ಮತ್ತು ಗುರುಗಳ ಪ್ರವಚನ. ಆಮೇಲೆ ರೊಟ್ಟಿ, ದ್ರಾಕ್ಷಾರಸದ ಅರ್ಪಣೆ ಮತ್ತು ಪರಮಪ್ರಸಾದ. ಭಾನುವಾರದ ವಾಚನಗಳು ವಾರವಾರವೂ ಬೇರೆ, ಒಂದು ಸುತ್ತು ಮುಗಿಯಲು ಮೂರು ವರ್ಷ ಬೇಕು. ಉಳಿದ ಮಾತುಗಳು ಹೆಚ್ಚುಕಡಿಮೆ ಅವೇ. ಎಲ್ಲಿ ನಿಲ್ಲಬೇಕು, ಎಲ್ಲಿ ಮೊಣಕಾಲೂರಬೇಕು ಎಂಬುದು ನಮಗೆ ಯೋಚಿಸದೆಯೇ ಬರುತ್ತದೆ.

ನನ್ನಜ್ಜಿಯ ಬಾಲ್ಯದಲ್ಲಿ ಪೂಜೆ ಲ್ಯಾಟಿನ್‌ನಲ್ಲಿತ್ತು. 1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಅದು ಜನರ ಭಾಷೆಗೆ ಬಂತು. ಬೆಂಗಳೂರು, ಮೈಸೂರು ಕಡೆಯ ಹಳ್ಳಿಗಳಲ್ಲಿ ಕನ್ನಡವಾದರೆ, ನಮ್ಮ ಕರಾವಳಿಯಲ್ಲಿ ಹೆಚ್ಚಾಗಿ ಕೊಂಕಣಿ. ಆದರೆ ಅಜ್ಜಿಯ ಮನೆಪ್ರಾರ್ಥನೆ ಅದಕ್ಕೂ ಮೊದಲೇ ಕೊಂಕಣಿಯಲ್ಲಿತ್ತು. ಸಂಜೆ ಏಳಕ್ಕೆ ದೇವರ ಪೀಠದ ಮುಂದೆ ತೇರ್ಸ್, ಅಂದರೆ ಜಪಸರ. ಅರ್ಧ ಅವರು ಹೇಳಿದರೆ ಉಳಿದರ್ಧ ನಾವು. ನಡುವೆ ತೂಕಡಿಸಿದವರಿಗೆ ತೊಡೆಯ ಮೇಲೊಂದು ಪೆಟ್ಟು. ಕೊನೆಗೆ ಸತ್ತವರಿಗೆ, ಗಲ್ಫಿನಲ್ಲಿರುವವರಿಗೆ, ಕರು ಹಾಕಲಿರುವ ಪಕ್ಕದ ಮನೆಯ ದನಕ್ಕೆ ಅಂತ ಬೇಡಿಕೆಗಳ ಪಟ್ಟಿ. ಎಲ್ಲ ಮುಗಿದ ಮೇಲೆ ಹಿರಿಯರೆದುರು ಕೈ ಮುಗಿದು 'ಬೆಸಾಂವ್' ಕೇಳಬೇಕು. ಬೆಸಾಂವ್ ಅಂದರೆ ಆಶೀರ್ವಾದ. ನಮ್ಮಲ್ಲಿ ಧರ್ಮದ ಮೊದಲ ಪಾಠ ಶುರುವಾಗುವುದೇ ಹೀಗೆ.

ಎರಡನೆಯ ಪಾಠ ಭಾನುವಾರ ಪೂಜೆಯ ನಂತರದ ದೊತೊರ್ನ್, ಅಂದರೆ ಧರ್ಮೋಪದೇಶದ ತರಗತಿ. ಈಗ ಮೂರು ವರ್ಷಗಳಿಂದ ನಮ್ಮೂರ ಚರ್ಚಿನಲ್ಲಿ ನಾಲ್ಕನೇ ತರಗತಿಯ ಮಕ್ಕಳಿಗೆ ನಾನೇ ಟೀಚರ್. ಹೆಚ್ಚಿನವರು ಇಂಗ್ಲಿಷ್ ಮಾಧ್ಯಮದವರು. ಇಂಗ್ಲಿಷಿನಲ್ಲಿ ಪ್ರಾರ್ಥನೆಯನ್ನು ರೈಲು ಬಿಟ್ಟಂತೆ ಹೇಳುತ್ತಾರೆ, ಕೊಂಕಣಿಯಲ್ಲಿ ತಡವರಿಸುತ್ತಾರೆ. ಒಮ್ಮೆ ಒಬ್ಬ ಹುಡುಗನ ತಂದೆ ನನ್ನನ್ನು ನಿಲ್ಲಿಸಿ ಕೇಳಿದರು: "ಬಾಯಿಪಾಠ ಮಾಡಿಸಿ ಏನು ಪ್ರಯೋಜನ? ಸುಮ್ಮನೆ ಮಾತು ಹೆಚ್ಚಿಸಬೇಡಿ ಅಂತ ಬೈಬಲ್‌ನಲ್ಲೇ ಇದೆಯಲ್ಲ. ಅರ್ಥ ಹೇಳಿಕೊಡಿ."

ಪ್ರಶ್ನೆ ನ್ಯಾಯವಾದದ್ದೇ. ಮತ್ತಾಯನ ಶುಭಸಂದೇಶದ ಆರನೇ ಅಧ್ಯಾಯದಲ್ಲಿ ಆ ಎಚ್ಚರಿಕೆ ಇದೆ. ಆದರೆ ಅದರ ಬೆನ್ನಿಗೇ ಯೇಸು ಶಿಷ್ಯರಿಗೆ ಒಂದು ಪ್ರಾರ್ಥನೆ ಹೇಳಿಕೊಡುತ್ತಾರೆ. ನಾವೆಲ್ಲ ಬಾಯಿಪಾಠ ಮಾಡಿರುವುದು ಅದನ್ನೇ!

ನನ್ನ ಉತ್ತರ ಮಾತ್ರ ಪುಸ್ತಕದಿಂದ ಬಂದದ್ದಲ್ಲ. ಎರಡು ಮಳೆಗಾಲದ ಹಿಂದೆ ಅಪ್ಪ ತೀರಿಕೊಂಡರು. ನೆಂಟರಿಗಿಂತ ಮೊದಲು ಬಂದವರು ನಮ್ಮ ವಾಡೊದ ಗುರ್ಕಾರ್. ವಾಡೊ ಎಂದರೆ ಚರ್ಚಿನ ವ್ಯಾಪ್ತಿಯ ಒಂದು ವಾರ್ಡು, ಗುರ್ಕಾರ್ ಅದರ ಮುಖಂಡರು. ರಾತ್ರಿಯಾಗುವಷ್ಟರಲ್ಲಿ ಜಗಲಿ ತುಂಬ ಜನ. ಅಮ್ಮ ಬೆಳಗಿನಿಂದ ಯಾರೊಂದಿಗೂ ಒಂದು ಮಾತು ಆಡಿರಲಿಲ್ಲ, ನೀರೂ ಕುಡಿದಿರಲಿಲ್ಲ. ಗುರ್ಕಾರ್ ತೇರ್ಸ್ ಶುರು ಮಾಡಿದರು. ಅವರು ಮೊದಲರ್ಧ ಹೇಳಿ ನಿಲ್ಲಿಸಿದಾಗ ಅಮ್ಮನ ತುಟಿ ಅಲುಗಿತು. 'ನಮಾನ್ ಮರಿಯೆ' ಪ್ರಾರ್ಥನೆಯ ಉತ್ತರಾರ್ಧದಲ್ಲಿ ನಮ್ಮ ಸಾವಿನ ಹೊತ್ತಿಗೂ ಮರಿಯಮ್ಮನ ನೆರವು ಬೇಡುವ ಮಾತಿದೆ. ಚಿಕ್ಕಂದಿನಿಂದ ದಿನಕ್ಕೆ 53 ಸಲ ಹೇಳಿದ ಪ್ರಾರ್ಥನೆ ಅದು. ಅವತ್ತು ಸ್ವಂತ ಮಾತು ಹುಡುಕು ಎಂದಿದ್ದರೆ ಅಮ್ಮನಿಗೆ ಒಂದು ಪದವೂ ಸಿಗುತ್ತಿರಲಿಲ್ಲ. ತೇರ್ಸ್ ಮುಗಿದ ಮೇಲೆ ಅವರು ನೀರು ಕೇಳಿದರು.

ತರಗತಿಯಲ್ಲಿ ಈ ವಿಷಯ ತಿಳಿದ ಹುಡುಗನೊಬ್ಬ ಎದ್ದು ನಿಂತ. "ಟೀಚರ್, ನೀವೆಲ್ಲ ಅಷ್ಟು ಪ್ರಾರ್ಥನೆ ಮಾಡಿದ್ರಲ್ಲ, ಮತ್ತೆ ನಿಮ್ಮ ಪಪ್ಪ ಯಾಕೆ ತೀರಿಕೊಂಡ್ರು?" ಮಕ್ಕಳಿಗೆ ಸುಳ್ಳು ಸಮಾಧಾನ ಹೇಳಬಾರದು ಅನ್ನಿಸಿತು. ಯಾಕೆ ಅಂತ ನನಗೂ ಗೊತ್ತಿಲ್ಲ ಎಂದೆ. ಆಮೇಲೆ ಗೆತ್ಸೆಮನೆ ತೋಟದ ಕಥೆ ಓದಿಸಿದೆ. ಹಿಡಿದು ಕೊಂಡೊಯ್ಯುವ ಮುನ್ನ ಯೇಸು, ಸಾಧ್ಯವಾದರೆ ಈ ಸಂಕಟ ತಪ್ಪಲಿ, ಆದರೂ ನಿನ್ನ ಚಿತ್ತದಂತೆ ಆಗಲಿ ಎಂದು ಬೇಡುತ್ತಾರೆ. ಸಂಕಟ ತಪ್ಪುವುದಿಲ್ಲ. ಮೂರನೇ ಸಲ ಹೋದಾಗಲೂ ಅವೇ ಮಾತುಗಳಲ್ಲಿ ಪ್ರಾರ್ಥಿಸಿದರು ಎಂದು ಮತ್ತಾಯ ಬರೆದಿದ್ದಾನೆ. ಶಿಲುಬೆಯ ಮೇಲೆ ದೇವರನ್ನು ಕೂಗಿ ಕೇಳಿದ್ದೂ 22ನೇ ಕೀರ್ತನೆಯ ಮೊದಲ ಸಾಲಿನಲ್ಲೇ. "ಅಂದ್ರೆ ಯೇಸುವಿಗೂ ಬಾಯಿಪಾಠ ಇತ್ತಾ?" ಎಂದ ಹುಡುಗ. "ಇತ್ತು" ಎಂದೆ.

ಹಾಗಂತ ಅರ್ಥ ಬೇಡವೆಂದಲ್ಲ. ಈಗ ವಾರಕ್ಕೊಂದು ಸಾಲು ತೆಗೆದುಕೊಳ್ಳುತ್ತೇನೆ. ದಿನದ ಅನ್ನ ಬೇಡುವ ಸಾಲು ಬಂದಾಗ ಇವತ್ತಿನ ಅಕ್ಕಿ ಎಲ್ಲಿಂದ ಬಂತು ಎಂದು ಕೇಳುತ್ತೇನೆ. ರೇಷನ್ ಅಂಗಡಿ, ಗದ್ದೆ, ಸೂಪರ್ ಮಾರ್ಕೆಟ್ ಎಲ್ಲವೂ ಬರುತ್ತವೆ. ತಪ್ಪು ಮಾಡಿದವರನ್ನು ಕ್ಷಮಿಸುವ ಸಾಲಿಗೆ ಬಂದಾಗ ಒಬ್ಬ ಹುಡುಗಿ ಬಾಯಿ ಮುಚ್ಚಿಕೊಂಡಳು. ಅವಳ ಮನೆಯಲ್ಲಿ ದೊಡ್ಡಪ್ಪನ ಜೊತೆ ತೋಟದ ಗಡಿಯ ಜಗಳ ನಡೆಯುತ್ತಿತ್ತು. ಆ ಸಾಲಿನ ಅರ್ಥ ಅವಳಿಗೆ ನಮಗೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ನಾನು ಒತ್ತಾಯ ಮಾಡಲಿಲ್ಲ. ಅವಳ ಪರವಾಗಿ ಉಳಿದವರು ಹೇಳಿದೆವು. ಒಟ್ಟಿಗೆ ಸೇರಿ ಪ್ರಾರ್ಥಿಸುವುದರ ಅನುಕೂಲ ಇದೇ ಇರಬೇಕು. ಒಬ್ಬರಿಗೆ ಆಗದ ದಿನ ಪಕ್ಕದವರು ಹೇಳುತ್ತಾರೆ.

ಮನೆಯಲ್ಲಿ ಈಗ ಅಮ್ಮ ಮತ್ತು ನಾನು ಇಬ್ಬರೇ. ಅಣ್ಣ ದುಬೈಯಲ್ಲಿದ್ದಾನೆ. ರಾತ್ರಿ ಎಂಟೂವರೆಗೆ ಫೋನ್ ಸ್ಪೀಕರಿಗೆ ಹಾಕಿ ತೇರ್ಸ್ ಶುರು ಮಾಡುತ್ತೇವೆ. ನಮ್ಮೂರ ನೆಟ್‌ವರ್ಕ್ ಗೊತ್ತಲ್ಲ, ನಡುವೆ ಕಡಿಯುತ್ತದೆ. ನಾವು ನಿಲ್ಲಿಸುವುದಿಲ್ಲ, ಅವನೂ ನಿಲ್ಲಿಸುವುದಿಲ್ಲ. ಲೈನ್ ಮತ್ತೆ ಸಿಕ್ಕಾಗ ಒಂದೆರಡು ಮಣಿ ಹಿಂದೆಮುಂದೆ ಆಗಿರುತ್ತದೆ, ಅಷ್ಟೆ.