ಹಿತ್ತಲ ಗಿಡ

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ವಿರಳ. ಕೈಗೆ ಸಿಕ್ಕುವುದನ್ನು ಕಡೆಗಣಿಸುವ ಮನುಷ್ಯಸ್ವಭಾವವನ್ನು ಅದು ಹಂಗಿಸುತ್ತದೆ. ಈಚೆಗಾದರೋ ಹಿತ್ತಲಲ್ಲಿ ಬೆಳೆದುದೆಲ್ಲವೂ ಮದ್ದೇ ಎನ್ನುವವರೂ ಬಹಳವಾಗಿದ್ದಾರೆ. ಇವೆರಡರ ನಡುವೆ ನಿಜವೆಲ್ಲಿದೆ?

ನಮ್ಮ ಅಜ್ಜಿಗೆ ಓದುಬರಹ ಬಾರದು. ಜ್ವರವೆಂದರೆ ಅವಳ ಕೈಗೆ ಮೊದಲು ಬರುವುದು ನೆಲಬೇವು. ಅದನ್ನು ಚೆನ್ನಾಗಿ ಕುದಿಸಿ, ಬತ್ತಿಸಿ, ಲೋಟದಲ್ಲಿ ಹಿಡಿದು ನಿಲ್ಲುವಳು. ಕಳೆದ ಮಳೆಗಾಲ ತಮ್ಮನಿಗೆ ಚಳಿಜ್ವರ ಬಂದಾಗ ನಾನು ಅವನನ್ನು ರಕ್ತಪರೀಕ್ಷೆಗೆಂದು ಆಸ್ಪತ್ರೆಗೆ ಹೊರಡಿಸಿದೆ. “ಓದಿದೋರಿಗೆ ನಮ್ಮ ಮದ್ದು ಕಹಿಯಾಯ್ತು” ಎಂದಳು. ಕಷಾಯ ಯಾರಿಗೆ ತಾನೆ ಸಿಹಿ ಎಂದು ನಕ್ಕೆನಾದರೂ ಆ ಮಾತು ಮನಸ್ಸಿನಲ್ಲಿ ಉಳಿಯಿತು. ಅವಳಿಗೆ ಕೊಡಬೇಕಾದ ಉತ್ತರವನ್ನು ನಾನು ಪುಸ್ತಕಗಳಲ್ಲಿ ಹುಡುಕತೊಡಗಿದೆ.

ಮಲೇರಿಯಾದ ಎರಡು ದೊಡ್ಡ ಮದ್ದುಗಳೂ ಗಿಡಮರಗಳಿಂದಲೇ ಬಂದವು. ದಕ್ಷಿಣ ಅಮೆರಿಕದ ಸಿಂಕೋನ ಮರದ ತೊಗಟೆ 17ನೆಯ ಶತಮಾನದಲ್ಲಿ ಯೂರೋಪನ್ನು ಮುಟ್ಟಿತು. ಆದರೆ ಒಂದು ತೊಗಟೆಯ ಸತ್ವ ಇನ್ನೊಂದರಲ್ಲಿಲ್ಲ. 1820ರಲ್ಲಿ ಇಬ್ಬರು ಫ್ರೆಂಚ್ ವಿಜ್ಞಾನಿಗಳು ಅದರಿಂದ ಕ್ವಿನೈನನ್ನು ಬೇರ್ಪಡಿಸಿದ ಮೇಲೆಯೇ ಮದ್ದನ್ನು ಅಳೆದು ಕೊಡುವುದು ಸಾಧ್ಯವಾಯಿತು.

ಎರಡನೆಯದು ಚೀನಾ ದೇಶದ್ದು. ಹಳೆಯ ಮದ್ದು ನಾಟದಂತಾದುದರಿಂದ ಅಲ್ಲಿನ ಸರ್ಕಾರ 1967ರಲ್ಲಿ ಹೊಸದರ ಶೋಧಕ್ಕೆ ತೊಡಗಿತು. ತು ಯೂಯೂ ಎಂಬ ಮಹಿಳೆಯ ತಂಡ ಎರಡು ಸಾವಿರಕ್ಕೂ ಮಿಕ್ಕ ಹಳೆಯ ಮದ್ದಿನ ಕ್ರಮಗಳನ್ನು ಕಲೆಹಾಕಿತು. ಚಿಂಗ್‌ಹಾವ್ ಎಂಬ ಗಿಡದ ಸಾರ ಒಮ್ಮೆ ಗುಣ ತೋರಿತು, ಮತ್ತೊಮ್ಮೆ ತೋರಲಿಲ್ಲ. ಆಗ ಆಕೆ 4ನೆಯ ಶತಮಾನದ ಗೆ ಹಾಂಗನ ವೈದ್ಯಗ್ರಂಥವನ್ನು ಪುನಃ ಓದಿದಳು. ಗಿಡವನ್ನು ನೀರಿನಲ್ಲಿ ನೆನೆಸಿ ಹಿಂಡಿದ ರಸವನ್ನು ಕುಡಿಯಬೇಕೆಂದು ಅಲ್ಲಿತ್ತು. ಕುದಿಸುವ ಮಾತೇ ಇರಲಿಲ್ಲ. ಕಾವಿನಿಂದಲೇ ಸತ್ವ ಕೆಡುತ್ತಿರಬಹುದೆಂದು ಊಹಿಸಿ, ಸುಮಾರು 35 ಡಿಗ್ರಿಯಲ್ಲೇ ಕುದಿಯುವ ಈಥರಿನಿಂದ ಸಾರವನ್ನು ತೆಗೆದಳು. 1971ರಲ್ಲಿ ಅದು ಇಲಿಗಳ ಮಲೇರಿಯಾವನ್ನು ಪೂರ್ತಿ ಗುಣಪಡಿಸಿತು. ಮರುವರ್ಷ ಶುದ್ಧ ಆರ್ಟಿಮಿಸಿನಿನ್ ಕೈಗೆ ಬಂದಿತು. 2015ರಲ್ಲಿ ಆಕೆಗೆ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು.

ಹಾಗೆಂದು ಆ ಗಿಡದ ಕಷಾಯವನ್ನು ಕುಡಿದರೆ ಸಾಲದೆ? ಸಾಲದು. ಎಲೆಯಲ್ಲಿ ಮದ್ದಿನ ಅಂಶ ಕಡಿಮೆ. ಗಿಡದಿಂದ ಗಿಡಕ್ಕೆ ಹೆಚ್ಚುಕಡಿಮೆ. ಅರೆಮದ್ದು ರೋಗಾಣುವನ್ನು ಕೊಲ್ಲದೆ ಪಳಗಿಸುವ ಭಯವೂ ಉಂಟು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇಂಥ ಬಳಕೆ ಕೂಡದೆಂದಿತು. ಆರ್ಟಿಮಿಸಿನಿನ್ ವರ್ಗದ ಔಷಧಗಳನ್ನು ಈಗ ಇನ್ನೊಂದು ಮದ್ದಿನೊಡನೆ ಸೇರಿಸಿಯೇ ಕೊಡುತ್ತಾರೆ. ನೆಲಬೇವಿನ ಕಷಾಯವೂ ಮಲೇರಿಯಾವನ್ನು ಗುಣಪಡಿಸುವುದೆಂದು ಸಿದ್ಧಪಟ್ಟಿಲ್ಲ. ಆದುದರಿಂದ ಚಳಿಜ್ವರಕ್ಕೆ ರಕ್ತಪರೀಕ್ಷೆ, ಆಸ್ಪತ್ರೆಯ ಗುಳಿಗೆ ಇವೇ ಗತಿ.

ಆದರೆ ಈ ಕಥೆಯ ಇನ್ನೊಂದು ಮುಖವನ್ನು ಮರೆಯಲಾಗದು. ನೆನೆಸಬೇಕು, ಹಿಂಡಬೇಕು ಎಂಬ ಅಷ್ಟು ಸಣ್ಣ ವಿವರ ಸಾವಿರದ ಆರುನೂರು ವರ್ಷ ಬಾಳಿದುದು ಯಾರೋ ಬರೆದಿಟ್ಟುದರಿಂದ. ನಮ್ಮ ಅಜ್ಜಿಯಂಥವರ ತಿಳಿವಳಿಕೆಗೆ ಗ್ರಂಥವೆಲ್ಲಿ? ಯಾವ ಗಿಡ, ಯಾವ ಭಾಗ, ಯಾವ ಋತು, ತಣ್ಣೀರೋ ಬಿಸಿನೀರೋ ಎಂಬುದೆಲ್ಲ ಅವರ ನಾಲಗೆಯ ಮೇಲಿದೆ; ಅವರೊಡನೆಯೇ ಹೋಗುತ್ತದೆ. ನಮ್ಮಲ್ಲಿ ಅನೇಕರು ಮನೆಯಲ್ಲಿ ಮೊದಲು ಲೇಖನಿ ಹಿಡಿದವರು. ಕೇಳಿದುದನ್ನು ಕೂಡಿಸದೆ ಕಳೆಯದೆ ಬರೆದಿಡುವುದು ನಮ್ಮ ಪಾಲಿನ ಕೆಲಸ. ಅದನ್ನು ಒರೆಗೆ ಹಚ್ಚುವುದು ವಿಜ್ಞಾನದ ಮಿತ್ರರ ಕೆಲಸ. ಹಿತ್ತಲ ಗಿಡ ಮದ್ದು ಹೌದೋ ಅಲ್ಲವೋ ಎಂಬುದನ್ನು ಗಾದೆಯೂ ಹೇಳಲಾರದು, ಅಭಿಮಾನವೂ ಹೇಳಲಾರದು. ಪರೀಕ್ಷೆಯೊಂದೇ ಹೇಳಬಲ್ಲುದು.