ಕೈಗುಣವೂ ದವಡೆಯ ಕೀಲೂ

ಶಿಗ್ಲಿಯಂಥ ನೇಕಾರರ ಊರಿನಲ್ಲಿ ಕೀಲುಬೇನೆಯ ಮಾತು ಹೊಸದಲ್ಲ. ಮಗ್ಗದ ಮುಂದೆ ಬಾಗಿ ಕುಳಿತವರ ಸೊಂಟ, ಕುತ್ತಿಗೆ, ಹೆಗಲು ನೋಯುವವೆಂಬುದನ್ನು ಎಲ್ಲರೂ ಬಲ್ಲರು. ಆದರೆ ಉಣ್ಣುವಾಗಲೂ ನುಡಿಯುವಾಗಲೂ ದುಡಿಯುವ ಕೀಲೊಂದುಂಟು. ಅದರ ನೆನಪು ಯಾರಿಗೂ ಆಗುವದಿಲ್ಲ. ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದರೆ ಅದು ಕೈಗೆ ತಾಗುವದು. ಖಡಕ್ ರೊಟ್ಟಿಯನ್ನು ಅಗಿಯುವಾಗ ಅಲ್ಲಿ ನೋವೆದ್ದರೆ, ಕಿವಿಯೇ ಕೆಟ್ಟಿತೆಂದು ಎಣ್ಣೆ ಬಿಡುವವರುಂಟು. ಒಳ್ಳೆಯ ಹಲ್ಲನ್ನು ಕೀಳಿಸಿಕೊಳ್ಳುವವರೂ ಉಂಟು.

ಎಡಬಲದ ಎರಡು ಕೀಲುಗಳನ್ನು ಒಂದೇ ಎಲುಬು ಕೂಡಿಸಿರುವದರಿಂದ, ಒಂದನ್ನು ಬಿಟ್ಟು ಇನ್ನೊಂದು ಚಲಿಸಲಾರದು. ಬಾಯಿ ತೆರೆಯುವಾಗ ದವಡೆಯ ತುದಿಯು ಮೊದಲು ತಿರುಗಿ, ಬಳಿಕ ಮುಂದಕ್ಕೆ ಜಾರುವದು. ನಡುವಿನ ಮೆತ್ತನೆಯ ಬಿಲ್ಲೆಯು ಸ್ಥಳ ತಪ್ಪಿದರೆ ಟಕ್ಕೆಂಬ ಸಪ್ಪಳವಾಗುವದು. ನೋವಿಲ್ಲದ ಸಪ್ಪಳಕ್ಕೆ ಚಿಕಿತ್ಸೆ ಬೇಕಿಲ್ಲ. ಬಹುಜನರ ನೋವಿನ ಮೂಲವು ದವಡೆಯನ್ನಾಡಿಸುವ ಸ್ನಾಯುಗಳಲ್ಲಿರುವದು. ಚಿಂತೆ ಹೊತ್ತವನು ತನಗರಿಯದೆಯೇ ಹಲ್ಲು ಕಚ್ಚಿರುವನು, ನಿದ್ರೆಯಲ್ಲಿಯೂ ಕಡಿಯುವನು.

ಇಂಥ ಬೇನೆಗೆ ಕೈಯಿಂದ ಮಾಡುವ ಉಪಚಾರವು ಪುರಾತನವಾದುದು. ಸಂಧಿ ತಪ್ಪಿದ ದವಡೆಗೆ ಶಾಖ ಕೊಟ್ಟು, ಕೂಡಿಸಿ, ಪಟ್ಟಿ ಕಟ್ಟುವ ಕ್ರಮವನ್ನು ಸುಶ್ರುತಸಂಹಿತೆಯು ಹೇಳಿದೆ. ಅಮೇರಿಕದ ವೈದ್ಯ ಆಂಡ್ರೂ ಟೇಲರ್ ಸ್ಟಿಲ್ ಎಂಬವನು 1864ರಲ್ಲಿ ತನ್ನ ಮೂವರು ಮಕ್ಕಳನ್ನು ಬೇನೆಗೆ ಕಳೆದುಕೊಂಡು, ಅಂದಿನ ಔಷಧಗಳಲ್ಲಿ ವಿಶ್ವಾಸ ತೊರೆದು, ಎಲುಬು ಕೂಡಿಸುವವನಾಗಿ ಊರೂರು ತಿರುಗಿದನು. 1892ರಲ್ಲಿ ಕರ್ಕ್ಸ್‌ವಿಲ್ ಎಂಬಲ್ಲಿ ಆಸ್ಟಿಯೋಪಥಿಯ ಶಾಲೆಯನ್ನು ತೆರೆದನು. ಈ ಪದ್ಧತಿಯವರು ದವಡೆಯೊಂದನ್ನೇ ನೋಡದೆ ಕುತ್ತಿಗೆ, ಹೆಗಲು, ಕೂಡ್ರುವ ರೀತಿಗಳನ್ನೂ ಪರೀಕ್ಷಿಸಿ, ಮೆಲ್ಲಗೆ ಒತ್ತಿ ಸಡಿಲಿಸುವರು. ಅವರ ಎಲ್ಲ ಸಿದ್ಧಾಂತಗಳಿಗೂ ಆಧಾರವಿಲ್ಲ. ಆದರೂ ಬಹುದಿನದ ದವಡೆನೋವಿಗೆ ಕೈಯ ಉಪಚಾರ, ನಿಯಮದ ವ್ಯಾಯಾಮ, ಮನಸ್ಸಿನ ಬಿಗಿ ಸಡಿಲಿಸುವ ಕ್ರಮಗಳು ಹಿತವೆಂದು 2023ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಪ್ರಕಟವಾದ ಮಾರ್ಗಸೂಚಿಯು ಒಪ್ಪಿದೆ.

ಕೈಗುಣದಲ್ಲಿ ನಮ್ಮ ಜನರಿಗೆ ಬಲವಾದ ನಂಬಿಕೆ. ಅಪಾಯವಿರುವದೂ ಇಲ್ಲಿಯೇ. ಅಡಿಕೆ, ಗುಟಖಾಗಳನ್ನು ಅಗಿಯುವವರ ಬಾಯಿಯು ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತ ಬಂದರೆ, ಅದನ್ನು ಕೀಲಿನ ಹಿಡಿತವೆಂದು ಬಗೆಯಬಾರದು. ಅಲ್ಲಿ ಗಲ್ಲದ ಒಳಪೊರೆಯೇ ಬಿರುಸಾಗಿ ನಾರುಗಟ್ಟಿರುವದು. ಖಾರ ತಾಗಿದರೆ ಉರಿಯುವದು. ಮುಂದೆ ಅರ್ಬುದಕ್ಕೆ ತಿರುಗಬಹುದಾದ ಈ ವ್ಯಾಧಿಯನ್ನು ಯಾವ ಕೈಗುಣವೂ ಕಳೆಯಲಾರದು. ತಿಕ್ಕಿಸಿಕೊಳ್ಳುತ್ತ ಕಳೆದ ತಿಂಗಳುಗಳು ರೋಗಕ್ಕೆ ಕೊಟ್ಟ ತಿಂಗಳುಗಳೇ ಸರಿ. ತನ್ನ ಮೂರು ಬೆರಳುಗಳು ಒಂದರ ಮೇಲೊಂದಾಗಿ ಬಾಯಿಯಲ್ಲಿ ಹಿಡಿಯದಿದ್ದರೆ ಅಂಥವನು ಅಡಿಕೆಯನ್ನು ಬಿಟ್ಟು ತಡಮಾಡದೆ ದಂತವೈದ್ಯರನ್ನು ಕಾಣತಕ್ಕದ್ದು. ತೆರೆದ ಬಾಯಿ ಮುಚ್ಚದೆ ನಿಂತರೂ ಮನೆಯಲ್ಲಿ ಬಲ ತೋರದೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಉಳಿದ ನೋವುಗಳಿಗೆ ಮೊದಲ ಮದ್ದು ಮನೆಯಲ್ಲಿಯೇ ಉಂಟು: ಕೆಲವು ವಾರ ಖಡಕ್ ರೊಟ್ಟಿಗೆ ಬದಲು ಬಿಸಿರೊಟ್ಟಿ, ನುಚ್ಚು, ಗಲ್ಲಕ್ಕೆ ಬಿಸಿ ಅರಿವೆಯ ಶಾಖ, ಆಕಳಿಸುವಾಗ ಗದ್ದಕ್ಕೆ ಕೈಯ ಆಸರೆ, ಸುಮ್ಮನಿರುವಾಗ ತುಟಿ ಕೂಡಿದ್ದರೂ ಹಲ್ಲು ಬಿಟ್ಟಿರುವ ರೂಢಿ. ಬಹುಮಟ್ಟಿನ ಬೇನೆಗಳು ಇಷ್ಟರಿಂದಲೇ ಇಳಿಯುವವು. ಇಳಿಯದಿದ್ದಲ್ಲಿ ಬಲ್ಲವರ ಕೈ ಬೇಕು. ಎಲ್ಲಿ ಒತ್ತಬೇಕೆಂಬುದರಷ್ಟೇ ಎಲ್ಲಿ ಮುಟ್ಟಬಾರದೆಂಬುದನ್ನೂ ಅರಿತ ಕೈಯೇ ಗುಣವುಳ್ಳ ಕೈ.